ಎಚ್ಚರಿಕೆ ಚಿತ್ರಕ್ಕೆ ಅಳತೆಪಟ್ಟಿ ಹಿಡಿಯುವವರು ಯಾರು?

ಜಿಲ್ಲಾ ಪುಟಗಳಲ್ಲಿ ಆಗಾಗ ಬರುವ ಒಂದು ಸುದ್ದಿತುಣುಕು ಎಲ್ಲರಿಗೂ ಪರಿಚಿತ. ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯವರು, ಪೊಲೀಸರು ಜಂಟಿಯಾಗಿ ಪಟ್ಟಣದ ಅಂಗಡಿಗಳ ಮೇಲೆ ದಾಳಿ ನಡೆಸಿದರು, ತಂಬಾಕು ನಿಯಂತ್ರಣದ ಕೋಟ್ಪಾ ಕಾಯ್ದೆಯಡಿ ಇಷ್ಟು ಪ್ರಕರಣ ದಾಖಲಿಸಿದರು, ಇಷ್ಟು ಸಾವಿರ ರೂಪಾಯಿ ದಂಡ ವಸೂಲಿ ಮಾಡಿದರು. ಪಕ್ಕದಲ್ಲಿ ಒಂದು ಫೋಟೊ: ಬಸ್ ನಿಲ್ದಾಣದ ಮಗ್ಗುಲಿನ ಗೂಡಂಗಡಿ, ಅದರ ಮುಂದೆ ನಾಲ್ಕೈದು ಮಂದಿ ಅಧಿಕಾರಿಗಳು, ಒಬ್ಬರ ಕೈಯಲ್ಲಿ ರಸೀದಿ ಪುಸ್ತಕ, ಅಂಚಿನಲ್ಲಿ ಅರ್ಧ ಮುಖ ಕಾಣುವ ಅಂಗಡಿಯವ. ಯಾವ ಸೆಕ್ಷನ್ ಅಡಿ ದಂಡ ಎಂದು ಸುದ್ದಿಯ ಕೊನೆಗೆ ಹೋಗಿ ನೋಡಿ. ಬಹುಪಾಲು ಸಲ ಅಲ್ಲಿರುವುದು 4 ಮತ್ತು 6. ನಾಲ್ಕು ಎಂದರೆ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ. ಆರು ಎಂದರೆ ವಯಸ್ಸು ತುಂಬದವರಿಗೆ ಮಾರಿದ್ದು, ಇಲ್ಲವೇ ಶಾಲಾ ಕಾಲೇಜುಗಳ ಆಸುಪಾಸಿನಲ್ಲಿ ಮಾರಿದ್ದು. ಪ್ಯಾಕೆಟ್ಟಿನ ಮೇಲೆ ಎಚ್ಚರಿಕೆ ಇರಲೇಬೇಕು ಎನ್ನುವುದು 7ನೇ ಸೆಕ್ಷನ್. ಆ ಅಂಕಿ ಸುದ್ದಿಯಲ್ಲಿ ಕಾಣುವುದು ಅಪರೂಪ.

7ನೇ ಸೆಕ್ಷನ್ ಮೀರಿದ ಸರಕು ನಮ್ಮ ಪೇಟೆಯಲ್ಲಿ ಇಲ್ಲವೇ ಎಂದು ಕೇಳಿದರೆ, ಇದೆ. ಎಚ್ಚರಿಕೆ ಚಿತ್ರದ ಸುಳಿವೇ ಇಲ್ಲದ ವಿದೇಶಿ ಸಿಗರೇಟಿನ ಪ್ಯಾಕುಗಳು ನಗರದ ಕೆಲವು ಬೀಡಾ ಅಂಗಡಿಗಳಲ್ಲಿ ರಾಜಾರೋಷವಾಗಿ ಕೂತಿರುತ್ತವೆ. ಸಂತೆಯಲ್ಲಿ ಹೊಗೆಸೊಪ್ಪನ್ನು ಹಳೆಯ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಕ್ರಮ ಕೈಗೊಳ್ಳಲು ಯಾರಿಗೂ ಅಧಿಕಾರ ಇಲ್ಲವೇ ಎಂದರೆ, ಅದೂ ಬೇಕಾದಷ್ಟು ಜನರಿಗಿದೆ. ಇಷ್ಟಾದರೂ ಬೆಳಿಗ್ಗೆ ಕಚೇರಿಗೆ ಬಂದು ‘ಈ ಹೊತ್ತು ನಾನು ನೋಡಬೇಕಾದದ್ದು ಪ್ಯಾಕೆಟ್ಟು’ ಎಂದುಕೊಳ್ಳುವ ಒಬ್ಬ ಅಧಿಕಾರಿ ತಾಲ್ಲೂಕಿನಲ್ಲಿ ಸಿಗುವುದಿಲ್ಲ. ಅಧಿಕಾರವನ್ನು ಹಂಚಿದಷ್ಟು ಧಾರಾಳವಾಗಿ ಹೊಣೆಯನ್ನು ನಾವು ಯಾರ ಹೆಗಲಿಗೂ ಕಟ್ಟಿಲ್ಲ ಎನ್ನುವುದು ನನ್ನ ತಕರಾರು.

ಮೊದಲು ಕಾನೂನಿನ ದಾರಿಯನ್ನು ಸ್ವಲ್ಪ ನೋಡೋಣ. ‘ಶಾಸನಬದ್ಧ ಎಚ್ಚರಿಕೆ’ ಎಂಬ ಸಣ್ಣಕ್ಷರದ ಸಾಲು ಸಿಗರೇಟು ಪ್ಯಾಕಿನ ಮೇಲೆ ಬಂದದ್ದು 1975ರ ಕಾಯ್ದೆಯಿಂದ. ಅದು ಸಿಗರೇಟಿಗೆ ಮಾತ್ರ ಸೀಮಿತವಾಗಿತ್ತು. ಬೀಡಿ, ಜಗಿಯುವ ತಂಬಾಕು, ನಶ್ಯ ಅದರ ಆಚೆ ಉಳಿದಿದ್ದವು. 2003ರಲ್ಲಿ ಬಂದ ಕಾಯ್ದೆ ಇವೆಲ್ಲವನ್ನೂ ಒಳಕ್ಕೆ ತಂದಿತು. ಅದರ ಪೂರ್ತಿ ಹೆಸರು ಬರೆದರೆ ಈ ಅಂಕಣದ ಎರಡು ಸಾಲು ಹಿಡಿಯುತ್ತದೆ. ಹಾಗಾಗಿ ಕಚೇರಿಗಳಲ್ಲಿ, ಠಾಣೆಗಳಲ್ಲಿ ಎಲ್ಲರೂ ಕೋಟ್ಪಾ ಎನ್ನುತ್ತಾರೆ. ಕಾಯ್ದೆಯ ಮೂಲ ಪಠ್ಯದಲ್ಲಿ ತಲೆಬುರುಡೆ ಮತ್ತು ಮೂಳೆಯ ಚಿತ್ರ ಕಡ್ಡಾಯವಾಗಿತ್ತು. 2007ರ ತಿದ್ದುಪಡಿಯಲ್ಲಿ ಆ ಕಡ್ಡಾಯ ಹೋಯಿತು. ಕೊನೆಗೂ ಚಿತ್ರ ಪ್ಯಾಕೆಟ್ಟಿಗೆ ಬಂದದ್ದು 2009ರ ಮೇ 31ರಂದು, ಅದೂ ಮುಂಭಾಗದ ಶೇ 40ರಷ್ಟು ಜಾಗದಲ್ಲಿ. ಸೇದುವ ತಂಬಾಕಿಗೆ ಶ್ವಾಸಕೋಶದ ಎಕ್ಸ್‌ರೇ, ಜಗಿಯುವ ತಂಬಾಕಿಗೆ ಚೇಳು. ತಂಬಾಕಿಗೆ ಪ್ರಾಣಿ ಪಕ್ಷಿಗಳ ಛಾಪು ನೋಡಿಯೇ ರೂಢಿಯಾಗಿದ್ದ ಕಣ್ಣಿಗೆ ಆ ಚೇಳು ಇನ್ನೊಂದು ಮಾರ್ಕಿನಂತೆ ಕಂಡಿದ್ದರೆ ಆಶ್ಚರ್ಯವೇನಿಲ್ಲ.

ಎಚ್ಚರಿಕೆಯನ್ನು ಎರಡೂ ಬದಿಗೆ ಶೇ 85ಕ್ಕೆ ಏರಿಸುವ ಅಧಿಸೂಚನೆ ಹೊರಟದ್ದು 2014ರ ಅಕ್ಟೋಬರ್‌ನಲ್ಲಿ. ಜಾರಿಗೆ ಬಂದದ್ದು 2016ರ ಏಪ್ರಿಲ್ 1ರಂದು. ನಡುವಿನ ಒಂದೂವರೆ ವರ್ಷದ ಎಳೆದಾಟದಲ್ಲಿ ಸಂಸದೀಯ ಸಮಿತಿ ಶೇ 50 ಸಾಕು ಎಂದಿತು, ರಾಜಸ್ಥಾನ ಹೈಕೋರ್ಟು ಜಾರಿ ಮಾಡಿ ಎಂದಿತು. ಕಂಪನಿಗಳು ದೇಶದ ಬೇರೆ ಬೇರೆ ಹೈಕೋರ್ಟುಗಳಿಗೆ ಹೋಗಿದ್ದವು. ಸುಪ್ರೀಂ ಕೋರ್ಟು 2016ರ ಮೇ ತಿಂಗಳಲ್ಲಿ ಆ ಎಲ್ಲ ಅರ್ಜಿಗಳನ್ನೂ ಒಟ್ಟು ಮಾಡಿ ಕಳಿಸಿದ್ದು ನಮ್ಮ ಕರ್ನಾಟಕ ಹೈಕೋರ್ಟಿಗೆ. ನ್ಯಾಯಮೂರ್ತಿಗಳಾದ ಬಿ.ಎಸ್. ಪಾಟೀಲ ಮತ್ತು ಬಿ.ವಿ. ನಾಗರತ್ನ ಅವರ ಪೀಠ 2017ರ ಡಿಸೆಂಬರ್ 15ರಂದು 2014ರ ತಿದ್ದುಪಡಿ ನಿಯಮಗಳನ್ನು ರದ್ದುಪಡಿಸಿತು. ಅಲ್ಲಿಗೆ ಲೆಕ್ಕ ಮತ್ತೆ ಹಳೆಯ ಶೇ 40ಕ್ಕೆ ಇಳಿಯಿತು. 2018ರ ಜನವರಿ 8ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು; ಶೇ 85 ವಾಪಸು ಬಂತು. ನಡುವಿನ ಆ ಮೂರು ವಾರ ಅಳತೆಪಟ್ಟಿ ಹಿಡಿದು ಅಂಗಡಿಗೆ ಹೋಗುವ ಅಧಿಕಾರಿಯೊಬ್ಬ ಇದ್ದಿದ್ದರೆ ಯಾವ ಲೆಕ್ಕ ಹಿಡಿಯುತ್ತಿದ್ದನೋ ದೇವರೇ ಬಲ್ಲ.

ಈಗ ಪ್ಯಾಕೆಟ್ಟನ್ನೇ ಕೈಗೆ ತೆಗೆದುಕೊಳ್ಳೋಣ. ಸಿಗರೇಟು ಪ್ಯಾಕಿನ ಮುಂಭಾಗ 8 ಸೆಂಟಿಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ಶೇ 85 ಅಂದರೆ 6.8 ಸೆಂ.ಮೀ. ಇಡೀ ಮುಂಭಾಗದ ಶೇ 60 ಚಿತ್ರಕ್ಕೆ, ಅಂದರೆ 4.8 ಸೆಂ.ಮೀ.; ಶೇ 25 ಬರಹಕ್ಕೆ, ಅಂದರೆ 2 ಸೆಂ.ಮೀ. ಕಂಪನಿಯ ಹೆಸರು, ಅದರ ಬಣ್ಣ, ಅದರ ಬೆಡಗು ಎಲ್ಲಕ್ಕೂ ಸೇರಿ ಉಳಿಯುವುದು 1.2 ಸೆಂ.ಮೀ. ಎಚ್ಚರಿಕೆ ಪ್ಯಾಕಿನ ಮೇಲಂಚಿನಿಂದಲೇ ಶುರುವಾಗಬೇಕು, ಹಿಂಭಾಗದಲ್ಲೂ ಅಷ್ಟೇ ಇರಬೇಕು. ಕೆಂಪು ನೆಲದ ಮೇಲೆ ಬಿಳಿ ಅಕ್ಷರದ ಎಚ್ಚರಿಕೆ, ಕಪ್ಪು ನೆಲದ ಮೇಲೆ ಬಿಳಿ ಅಕ್ಷರದಲ್ಲಿ ಚಟ ಬಿಡಲು ನೆರವಾಗುವ ಸಹಾಯವಾಣಿ 1800-11-2356. ಈ ಸಂಖ್ಯೆ ಪ್ಯಾಕಿನ ಮೇಲೆ 2018ರ ಸೆಪ್ಟೆಂಬರ್‌ನಿಂದ ಇದೆ. ಇದಕ್ಕೆ ಬರುವ ಕರೆಗಳನ್ನು ಸ್ವೀಕರಿಸುವ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಒಂದು.

ಅಳತೆ ಸರಿ ಇದ್ದರೆ ಮುಗಿಯಲಿಲ್ಲ. ಒಂದೇ ಚಿತ್ರ ನೋಡಿ ನೋಡಿ ಕಣ್ಣು ಜಡ್ಡುಗಟ್ಟಬಾರದೆಂದು ಚಿತ್ರಗಳು ಬದಲಾಗುತ್ತಿರುತ್ತವೆ. 2022ರ ಡಿಸೆಂಬರ್ 1ರ ನಂತರ ತಯಾರಾದ ಸರಕಿಗೆ ಒಂದು ಚಿತ್ರ, 2023ರ ಡಿಸೆಂಬರ್ 1ರ ನಂತರದ್ದಕ್ಕೆ ಇನ್ನೊಂದು ಎಂದು ನಿಯಮ ಮಾಡಿದ್ದರು. ಹಾಗಾದರೆ ಅಂಗಡಿಯಲ್ಲಿ ಸಿಕ್ಕ ಪ್ಯಾಕಿನ ಚಿತ್ರ ಹಳೆಯದಾದರೆ ಅದು ತಪ್ಪೋ, ಹಳೆಯ ದಾಸ್ತಾನೋ? ತಯಾರಿಕೆಯ ದಿನಾಂಕ ನೋಡಬೇಕು. ಅದಕ್ಕಾಗಿಯೇ ಪ್ಯಾಕಿನ ಮೇಲೆ ತಯಾರಕರ ಹೆಸರು, ವಿಳಾಸ, ಪ್ರಮಾಣ, ದಿನಾಂಕ ಕಡ್ಡಾಯ. ದಿನಾಂಕ ಮಾಸಿಹೋಗಿದ್ದರೆ ತನಿಖೆಯ ಎಳೆಯೇ ಕಡಿದಂತೆ. ಬೀಡಿ ಕಟ್ಟಿನದು ಇನ್ನೊಂದು ತರಹದ ತಲೆಬೇನೆ. ಅದು ಶಂಕುವಿನ ಆಕಾರ. ಮೇಲೆ ಅಗಲ, ಕೆಳಗೆ ಕಿರಿದು. ಅಗಲವಾದ ತುದಿಯನ್ನೇ ಮೇಲಂಚು ಎಂದು ತಿಳಿಯಬೇಕೆಂದು ನಿಯಮ ಹೇಳುತ್ತದೆ. ತೆಳ್ಳನೆಯ ಕಾಗದದ ಲೇಬಲ್ಲು ಸುತ್ತಿ ಅಂಟಿಸುವಾಗ ಚಿತ್ರದ ಅರ್ಧ ಮಡಿಕೆಯೊಳಗೆ ಹೋದರೆ ಅದು ಎಷ್ಟು ಪ್ರತಿಶತ ಎಂದು ಬಸ್ ನಿಲ್ದಾಣದ ಗದ್ದಲದಲ್ಲಿ ನಿಂತು ಲೆಕ್ಕ ಹಾಕಲಾಗುವುದಿಲ್ಲ.

ರಸೀದಿ ಹರಿದು ಕೊಡುವ ಕೆಲಸಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಸಾರ್ವಜನಿಕ ಸ್ಥಳದಲ್ಲಿ ಯಾರೋ ಸೇದುತ್ತಿದ್ದಾನೆ ಎಂದರೆ ಕಣ್ಣಿಗೆ ಕಂಡದ್ದೇ ಸಾಕ್ಷಿ. ಪ್ಯಾಕೆಟ್ಟಿನ ವಿಚಾರದಲ್ಲಿ ನಿಯಮ ಬಲ್ಲ, ಇವತ್ತು ಚಾಲ್ತಿಯಲ್ಲಿರುವ ಚಿತ್ರ ಯಾವುದೆಂದು ಬಲ್ಲ ಮನುಷ್ಯ ಬೇಕು.

ಅಂಥ ಮನುಷ್ಯ ಯಾರಾಗಬಹುದು? ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಪೊಲೀಸ್ ಅಧಿಕಾರಿ, ರಾಜ್ಯದ ಆಹಾರ ಅಥವಾ ಔಷಧ ಆಡಳಿತದ ಅಧಿಕಾರಿ, ಇಲ್ಲವೇ ಅದಕ್ಕೆ ಸಮನಾದ ದರ್ಜೆಯ, ಸರ್ಕಾರ ಅಧಿಕಾರ ಕೊಟ್ಟ ಬೇರೆ ಅಧಿಕಾರಿ ಒಳಹೊಕ್ಕು ಶೋಧ ನಡೆಸಬಹುದು. ಎಲ್ಲಿ? ತಂಬಾಕಿನ ವ್ಯಾಪಾರ, ತಯಾರಿಕೆ, ಹಂಚಿಕೆ ನಡೆಯುವ ಯಾವುದೇ ಕಾರ್ಖಾನೆ, ಕಟ್ಟಡ, ಅಂಗಡಿ. ಕಾರ್ಖಾನೆ ಎಂಬ ಪದ ಕಾಯ್ದೆಯಲ್ಲಿ ಮೊದಲೇ ಬರುತ್ತದೆ, ಗೂಡಂಗಡಿಗಿಂತ ಮೊದಲು. 25ನೇ ಸೆಕ್ಷನ್ ಇನ್ನೂ ಉದಾರಿ. ಈ ಕಾಯ್ದೆಯಡಿ ಕೆಲಸ ಮಾಡಲು ಒಬ್ಬರನ್ನಾಗಲಿ ಹಲವರನ್ನಾಗಲಿ ಕೇಂದ್ರ ಅಥವಾ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ನೇಮಿಸಬಹುದು.

ಈ ಅವಕಾಶವನ್ನು ಸರ್ಕಾರಗಳು ಧಾರಾಳವಾಗಿ ಬಳಸಿಕೊಂಡದ್ದು ಧೂಮಪಾನ ನಿಷೇಧಕ್ಕೆ. 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳ ಪಟ್ಟಿ ತೆರೆದರೆ ಅಲ್ಲಿ ರೈಲು ನಿಲ್ದಾಣದ ಸ್ಟೇಷನ್ ಮಾಸ್ಟರ್ ಇದ್ದಾರೆ, ಪೋಸ್ಟ್ ಮಾಸ್ಟರ್ ಇದ್ದಾರೆ, ಶಾಲೆಯ ಹೆಡ್‌ಮಾಸ್ಟರ್ ಇದ್ದಾರೆ, ಆದಾಯ ತೆರಿಗೆಯಿಂದ ಹಿಡಿದು ಸಾರಿಗೆಯವರೆಗೆ ಇನ್‌ಸ್ಪೆಕ್ಟರುಗಳಿದ್ದಾರೆ. ತಮ್ಮ ಜಾಗದಲ್ಲಿ ಸೇದಿದವರಿಗೆ ಇವರು ದಂಡ ಹಾಕಬಹುದು. ಆದರೆ ಹೆಡ್‌ಮಾಸ್ಟರು ಶಾಲೆಯೆದುರಿನ ಅಂಗಡಿಗೆ ನುಗ್ಗಿ ಚಿತ್ರವಿಲ್ಲದ ಪ್ಯಾಕು ಜಪ್ತಿ ಮಾಡುವಂತಿಲ್ಲ. ಅದು ಬೇರೆ ಸೆಕ್ಷನ್ನು, ಬೇರೆ ದರ್ಜೆ. ನಮ್ಮ ತಂಬಾಕು ನಿಯಂತ್ರಣ ವ್ಯವಸ್ಥೆಯ ಬೆನ್ನೆಲುಬಿನಂತಿರುವ ಜಿಲ್ಲಾ ತಂಬಾಕು ನಿಯಂತ್ರಣ ಕೋಶಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ 2007–08ರಲ್ಲಿ ಶುರುವಾದಾಗ ಹುಟ್ಟಿದ ಕೋಶಗಳಿವು. ಜಿಲ್ಲಾ ಸಲಹೆಗಾರರು, ಸಮಾಜ ಕಾರ್ಯಕರ್ತರು, ಆಪ್ತ ಸಮಾಲೋಚಕರು ಹೆಚ್ಚಾಗಿ ಗುತ್ತಿಗೆಯ ಮೇಲೆ ಇರುವವರು. ಶಾಲೆಗಳಲ್ಲಿ ಗುಲಾಬಿ ಆಂದೋಲನ ನಡೆಸುವವರು, ದಾಳಿಯ ದಿನ ಎಲ್ಲ ಇಲಾಖೆಗಳಿಗೂ ಫೋನು ಮಾಡಿ ಜನ ಸೇರಿಸುವವರು, ವರದಿ ಬರೆಯುವವರು ಇವರೇ. ಕಾಯ್ದೆ ಚೆನ್ನಾಗಿ ಗೊತ್ತಿರುವುದೂ ಇವರಿಗೇ. ಆದರೆ 12ನೇ ಸೆಕ್ಷನ್ ಕೇಳುವುದು ಅಧಿಕಾರಿಯ ದರ್ಜೆಯನ್ನು. ಗುತ್ತಿಗೆ ಪತ್ರದಲ್ಲಿ ಅದು ಇರುವುದಿಲ್ಲ.

ಹಾಗಾಗಿ ಕೋಶದವರು ಠಾಣೆಗೆ ಹೋಗಿ ಪಿಎಸ್‌ಐಯನ್ನು ಕೇಳಬೇಕು. ಪಿಎಸ್‌ಐಗೆ ಅಂದು ಜಾತ್ರೆಯ ಬಂದೋಬಸ್ತು, ಇಲ್ಲವೇ ಮಂತ್ರಿಗಳ ಪ್ರವಾಸ, ಅದೂ ಇಲ್ಲದಿದ್ದರೆ ಹಿಂದಿನ ರಾತ್ರಿಯ ಅಪಘಾತದ ಮಹಜರು. ಅವರನ್ನು ದೂರಿ ಫಲವಿಲ್ಲ. ಪ್ಯಾಕೆಟ್ಟಿನ ಪ್ರಕರಣ ಹಿಡಿದರೆ ಮುಂದೆ ಏನೇನು ಕಾದಿದೆ ಎಂದು ಗೊತ್ತಿರುವ ಯಾವ ಅಧಿಕಾರಿಯೂ ಅದಕ್ಕೆ ತಾನಾಗಿ ಕೈಹಾಕುವುದಿಲ್ಲ.

ಏನೇನು ಕಾದಿದೆ? 4 ಮತ್ತು 6ನೇ ಸೆಕ್ಷನ್ ಮೀರಿದವರ ಪ್ರಕರಣವನ್ನು 28ನೇ ಸೆಕ್ಷನ್ ಅಡಿ ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ಮುಗಿಸಬಹುದು. 7ನೇ ಸೆಕ್ಷನ್ನಿಗೆ ಆ ಸೌಕರ್ಯ ಇಲ್ಲ. ಅಧಿಕಾರಿ ಸರಕು ಜಪ್ತಿ ಮಾಡಬೇಕು, ಪಂಚರನ್ನು ಕರೆಸಬೇಕು, ಮಹಜರು ಬರೆಯಬೇಕು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಶೋಧ ಮತ್ತು ಜಪ್ತಿಯನ್ನು ಮೊಬೈಲಿನಲ್ಲಾದರೂ ವಿಡಿಯೊ ಮಾಡಬೇಕೆನ್ನುತ್ತದೆ. ಜಪ್ತಿಯಾದ ಸರಕನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಕಾದರೆ ಜಿಲ್ಲಾ ನ್ಯಾಯಾಧೀಶರ ಒಪ್ಪಿಗೆ ತರಬೇಕು. ಹತ್ತು ಪೆಟ್ಟಿಗೆ ಸಿಗರೇಟು ಹಿಡಿದರೆ ಅಷ್ಟು ದಿನ ಎಲ್ಲಿಡುವುದು? ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧ ಕೊಠಡಿಯಲ್ಲಿ ತಂಬಾಕಿನ ರಾಶಿ ಹಾಕುವಂತಿಲ್ಲ. ಠಾಣೆಯ ಮುದ್ದೆಮಾಲು ಕೋಣೆಯಲ್ಲಿ ಮೊದಲೇ ಜಾಗವಿಲ್ಲ. ಮಳೆಗಾಲವಾದರೆ ಸರಕು ಬೂಷ್ಟು ಹಿಡಿದು ಮಾಲೀಕ ಪರಿಹಾರ ಕೇಳಿದರೂ ಕೇಳಿದನೇ. ಇಷ್ಟೆಲ್ಲ ಆದ ಮೇಲೆ ನ್ಯಾಯಾಲಯದಲ್ಲಿ ವಾಯಿದೆಯ ಮೇಲೆ ವಾಯಿದೆ.

ತಪ್ಪು ಸಾಬೀತಾಯಿತು ಎಂದೇ ಇಟ್ಟುಕೊಳ್ಳಿ. 20ನೇ ಸೆಕ್ಷನ್ ಪ್ರಕಾರ ಎಚ್ಚರಿಕೆ ಇಲ್ಲದೆ ತಯಾರಿಸಿದ ಕಂಪನಿಗೆ ಮೊದಲ ಸಲ ಎರಡು ವರ್ಷದವರೆಗೆ ಸಜೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಾರಿದವನಿಗೆ ಒಂದು ವರ್ಷದವರೆಗೆ ಸಜೆ ಅಥವಾ 1,000 ರೂಪಾಯಿವರೆಗೆ ದಂಡ. ಮತ್ತೆ ಸಿಕ್ಕಿಬಿದ್ದರೆ ಪ್ರಮಾಣ ಏರುತ್ತದೆ. ಕಾಗದದ ಮೇಲೆ ಸಜೆ ದೊಡ್ಡದೇ. ಆದರೆ ‘ಅಥವಾ’ ಎಂಬ ಮೂರಕ್ಷರದ ಬಾಗಿಲು ಇರುವಾಗ ಕೋಟಿಗಟ್ಟಲೆ ವಹಿವಾಟಿನ ತಯಾರಕ ಐದು ಸಾವಿರದ ನೋಟುಗಳನ್ನು ಎಣಿಸಿಟ್ಟು ಹೊರಬರಬಹುದು. ಮುಟ್ಟುಗೋಲಿಗೂ ಒಂದು ಬಿಡುಗಡೆ ಇದೆ: ನ್ಯಾಯಾಲಯ ಒಪ್ಪಿದರೆ ಸರಕಿನ ಬೆಲೆಯಷ್ಟು ಹಣ ಕಟ್ಟಿ ಮಾಲೀಕ ಅದನ್ನು ಬಿಡಿಸಿಕೊಳ್ಳಬಹುದು, ಮಾರುವ ಮೊದಲು ಪ್ರತಿ ಪ್ಯಾಕಿನ ಮೇಲೂ ಎಚ್ಚರಿಕೆ ಹಾಕಿಸಬೇಕು ಅಷ್ಟೆ. ಹಾಕಿಸಿದನೋ ಇಲ್ಲವೋ ಎಂದು ಆಮೇಲೆ ಹೋಗಿ ನೋಡುವವರು ಯಾರು ಎನ್ನುವಲ್ಲಿಗೆ ಮತ್ತೆ ಬಂದು ನಿಲ್ಲುತ್ತೇವೆ.

ಒಂದು ಮಧ್ಯಾಹ್ನದ ದಾಳಿಯಲ್ಲಿ ಇಪ್ಪತ್ತು ರಸೀದಿ ಹರಿದರೆ ಮಾಸಿಕ ವರದಿಯ ಕೋಷ್ಟಕ ತುಂಬುತ್ತದೆ. ಅದೇ ಮಧ್ಯಾಹ್ನ ಒಂದು ಪ್ಯಾಕೆಟ್ಟಿನ ಪ್ರಕರಣ ಹಿಡಿದರೆ ವರದಿಯಲ್ಲಿ ‘1’ ಎಂದು ಬರೆದು ಎರಡು ವರ್ಷ ಕೋರ್ಟಿಗೆ ಅಲೆಯಬೇಕು. ಪ್ರಗತಿ ಪರಿಶೀಲನಾ ಸಭೆಯಲ್ಲಿ ಯಾವ ಅಂಕಿಗೆ ಶಹಬ್ಬಾಸ್ ಸಿಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಗೂಡಂಗಡಿಯ ಕತೆಯನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಮೂಲೆಯಲ್ಲಿ ನೇತುಬಿಟ್ಟ ತೆಂಗಿನ ಹಗ್ಗದ ತುದಿ ಕೆಂಡದಂತೆ ಉರಿಯುತ್ತಿರುತ್ತದೆ, ಅಥವಾ ದಾರಕ್ಕೆ ಕಟ್ಟಿದ ಲೈಟರ್. ಪ್ಯಾಕಿನ ಮುಚ್ಚಳ ತೆರೆದೇ ಇರುತ್ತದೆ. ಗಿರಾಕಿಯ ಕಡೆಗೆ ಕಾಣುವುದು ಚಿತ್ರ ಅಲ್ಲ, ಸಾಲಾಗಿ ಕೂತ ಫಿಲ್ಟರುಗಳ ತಲೆ. ‘ಅಣ್ಣ, ಒಂದು ಕೊಡಿ’ ಎಂದರೆ ಅಂಗಡಿಯಾತ ಬೆರಳಲ್ಲಿ ಒಂದನ್ನು ಎತ್ತಿ ಕೊಡುತ್ತಾನೆ, ಜೊತೆಗೆ ಚಿಲ್ಲರೆಗೆ ಒಂದು ಪುದೀನ ಮಿಠಾಯಿ. ಗಿರಾಕಿ ಸೇದಿ, ಟೀ ಕುಡಿದು, ಗಾಡಿ ಹತ್ತಿ ಹೋಗುತ್ತಾನೆ. 6.8 ಸೆಂಟಿಮೀಟರಿನ ಎಚ್ಚರಿಕೆಯನ್ನು ಅವನು ನೋಡಿಯೇ ಇಲ್ಲ. ಪೂರ್ತಿ ಪ್ಯಾಕು ಕೊಳ್ಳುವವರಲ್ಲೂ ಚೌಕಾಸಿಗಾರರಿದ್ದಾರೆ. ‘ಈ ಗಂಟಲಿನ ಚಿತ್ರ ಬೇಡ ಮಾರಾಯ, ಬೇರೆ ಯಾವುದಾದರೂ ಇದ್ದರೆ ನೋಡು’ ಎಂದು ಪ್ಯಾಕು ವಾಪಸು ಕೊಟ್ಟವರೊಬ್ಬರನ್ನು ನಾನು ಮಂಗಳೂರಿನಲ್ಲಿ ನೋಡಿದ್ದೇನೆ. ಅಂಗಡಿಯವನು ಬೇಸರಿಸದೆ ಡಬ್ಬಿಯ ತಳದಿಂದ ಹಳೆಯ ಚಿತ್ರದ ಒಂದು ಪ್ಯಾಕು ಹುಡುಕಿ ಕೊಟ್ಟ. ಚಿತ್ರ ಕೆಲಸ ಮಾಡುವುದಿಲ್ಲ ಎನ್ನುವವರಿಗೆ ನಾನು ಹೇಳುವುದು ಈ ಗಿರಾಕಿಯ ವಿಚಾರ. ಕೆಲಸ ಮಾಡದ ಚಿತ್ರವನ್ನು ಯಾರೂ ವಾಪಸು ಕೊಡುವುದಿಲ್ಲ.

ಬಿಡಿ ಮಾರಾಟದ ಈ ಕಂಡಿಯನ್ನು ಮುಚ್ಚಲು ಕರ್ನಾಟಕ ಸರ್ಕಾರ 2017ರಲ್ಲೇ ಆದೇಶ ಹೊರಡಿಸಿತ್ತು. ಬಿಡಿಯಾಗಿ ಮಾರಿದರೆ ಎಚ್ಚರಿಕೆ ಕಣ್ಣಿಗೆ ಬೀಳುವುದಿಲ್ಲ ಎನ್ನುವುದೇ ಕಾರಣ. ಆದೇಶ ಬಂದ ಮೇಲೂ ಹಗ್ಗ ಉರಿಯುತ್ತಲೇ ಇತ್ತು. ವಿಧಾನಮಂಡಲ 2024ರಲ್ಲಿ ಕೋಟ್ಪಾ ಕಾಯ್ದೆಗೆ ರಾಜ್ಯದ ಮಟ್ಟಿಗೆ ತಿದ್ದುಪಡಿ ತಂದಿತು. ರಾಷ್ಟ್ರಪತಿಗಳ ಅಂಕಿತ ಬಿದ್ದು 2025ರ ಮೇ ಕೊನೆಗೆ ಅದು ರಾಜ್ಯಪತ್ರದಲ್ಲಿ ಬಂತು. ಖರೀದಿಯ ವಯಸ್ಸು 18ರಿಂದ 21ಕ್ಕೆ ಏರಿತು, ಹುಕ್ಕಾ ಬಾರ್ ನಿಷೇಧವಾಯಿತು, ಬಿಡಿ ಮಾರಾಟಕ್ಕೆ ಕಾಯ್ದೆಯೇ ಅಡ್ಡ ಬಂತು, 200 ರೂಪಾಯಿ ದಂಡ 1,000 ರೂಪಾಯಿ ಆಯಿತು. ಒಳ್ಳೆಯದೇ. ಆದರೆ ದಂಡ ಐದು ಪಟ್ಟು ಏರಿದ್ದು ಮತ್ತೆ ರಸೀದಿಯ ಸೆಕ್ಷನ್ನುಗಳಿಗೆ. ದಿನಕ್ಕೆ ಮುನ್ನೂರು ನಾನ್ನೂರು ಉಳಿಸುವ ಗೂಡಂಗಡಿಯವನಿಗೆ ಸಾವಿರ ರೂಪಾಯಿ ದೊಡ್ಡ ಮೊತ್ತ. ಎಚ್ಚರಿಕೆ ಇಲ್ಲದ ಪ್ಯಾಕನ್ನು ಅವನಿಗೆ ತಂದು ಕೊಟ್ಟ ಏಜೆಂಟ್, ಏಜೆಂಟನಿಗೆ ಕೊಟ್ಟ ಸಗಟು ವ್ಯಾಪಾರಿ, ಅವನಿಗೆ ಕಳಿಸಿದ ಗೋದಾಮು ಈ ಲೆಕ್ಕದಲ್ಲೇ ಇಲ್ಲ.

ಹಳ್ಳದಲ್ಲಿ ಕೊಳಕು ಬಂದಾಗ ಕೆಳಗಡೆ ಬಟ್ಟೆ ಒಗೆಯುವವರನ್ನು ಗದರಿಸಿದಂತೆ ಇದು. ಕಾಯ್ದೆ ಬರೆದವರಿಗೆ ಈ ಅನ್ಯಾಯ ಗೊತ್ತಿತ್ತು ಎಂದು ಕಾಣುತ್ತದೆ. 14ನೇ ಸೆಕ್ಷನ್ನಿನಲ್ಲಿ ಒಂದು ಮಾತಿದೆ: ಯಾರ ಕೈಯಲ್ಲಿ ಸರಕು ಸಿಕ್ಕಿತೋ ಅವನು ತಪ್ಪಿಗೆ ಕಾರಣನಲ್ಲ ಎಂದು ಸಾಬೀತಾದರೆ ಮುಟ್ಟುಗೋಲಿನ ಬದಲು ನಿಜವಾದ ತಪ್ಪಿತಸ್ಥನ ಮೇಲೆ ಆದೇಶ ಮಾಡಬಹುದು. 26ನೇ ಸೆಕ್ಷನ್ ಕಂಪನಿಯ ಹೊಣೆ ಹೊತ್ತ ಅಧಿಕಾರಿಗಳನ್ನೂ, ಅವರ ಒಪ್ಪಿಗೆಯಿಂದ ತಪ್ಪು ನಡೆದಿದ್ದರೆ ನಿರ್ದೇಶಕರನ್ನೂ ಕಟಕಟೆಗೆ ತರುತ್ತದೆ. ಮೇಲಕ್ಕೆ ಏರಲು ಮೆಟ್ಟಿಲು ಇದೆ. ತಾಲ್ಲೂಕಿನ ಅಧಿಕಾರಿಗೆ ಅದನ್ನು ಹತ್ತುವ ವ್ಯವಧಾನ ಇಲ್ಲ; ಪ್ಯಾಕಿನ ಮೇಲಿನ ವಿಳಾಸ ಬೇರೆ ಜಿಲ್ಲೆಯದ್ದೋ ಬೇರೆ ರಾಜ್ಯದ್ದೋ ಆಗಿದ್ದರೆ ವ್ಯಾಪ್ತಿಯೂ ಇಲ್ಲ. ವಿದೇಶದಿಂದ ಕಳ್ಳದಾರಿಯಲ್ಲಿ ಬಂದ ಪ್ಯಾಕಾದರೆ ಕಸ್ಟಮ್ಸ್‌ನವರಿಗೆ ತಿಳಿಸಬೇಕು. ಎಚ್ಚರಿಕೆ ಇಲ್ಲದ ಆಮದನ್ನು ಇದೇ 7ನೇ ಸೆಕ್ಷನ್ ನಿಷೇಧಿಸಿದೆ. ಕಸ್ಟಮ್ಸ್‌ಗೆ ಪತ್ರ ಬರೆಯುವವರು ಪಿಎಸ್‌ಐಯೋ, ಆರೋಗ್ಯಾಧಿಕಾರಿಯೋ, ಕೋಶದವರೋ? ಮೂವರೂ ಇನ್ನೊಬ್ಬರು ಬರೆದಿರಬೇಕು ಎಂದುಕೊಂಡಿರುತ್ತಾರೆ.

ಗುಟ್ಕಾದ ಗೊಂದಲ ಬೇರೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ ಕೊನೆಗೆ, ಆಹಾರ ಸುರಕ್ಷತಾ ಕಾನೂನಿನ ಅಡಿ. ಕೂಡಲೇ ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ, ಎರಡನ್ನೂ ಒಟ್ಟಿಗೆ ನೇತುಹಾಕಿ ಮಾರುವ ಪದ್ಧತಿ ಶುರುವಾಯಿತು. ಮಸಾಲೆಯ ಪೊಟ್ಟಣ ಆಹಾರ ಸುರಕ್ಷತಾಧಿಕಾರಿಯ ಪಾಲು. ತಂಬಾಕಿನ ಪೊಟ್ಟಣದ ಮೇಲಿನ ಚಿತ್ರ ಕೋಟ್ಪಾ ಪಾಲು. ಅದೇ ಅಧಿಕಾರಿಗೆ 12ನೇ ಸೆಕ್ಷನ್ನಿನಲ್ಲೂ ಅಧಿಕಾರ ಇದ್ದರೂ ತನ್ನ ಇಲಾಖೆಯ ನಮೂನೆಯಲ್ಲಿ ಕೋಟ್ಪಾಗೆ ಒಂದು ಕಾಲಮ್ಮೂ ಇಲ್ಲದಿದ್ದರೆ ಅವನು ಎಡಗೈಯ ಪೊಟ್ಟಣ ನೋಡಿ ಬಲಗೈಯದನ್ನು ವಾಪಸು ಕೊಟ್ಟು ಬರುತ್ತಾನೆ.

ಬ್ರಿಟನ್ನಿನಲ್ಲಿ ಸಿಗರೇಟು ಪ್ಯಾಕುಗಳ ಮೇಲಿನ ನಿಯಮ ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆಗಳ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ಅಧಿಕಾರಿಗಳು. ಮೂಲತಃ ತೂಕ ಅಳತೆ ಪರೀಕ್ಷಿಸುವ ವಿಭಾಗದವರು. ಅಲ್ಲಿ ಪ್ಯಾಕಿನ ಬಣ್ಣ, ಅಕ್ಷರ ಎಲ್ಲವೂ ಒಂದೇ ಮಾದರಿ ಇರಬೇಕೆಂಬ ಕಟ್ಟುನಿಟ್ಟು 2016ರಿಂದ ಇದೆ, ಆ ಕೆಲಸವೂ ಅವರದೇ. ಅಂಗಡಿಗೆ ಹೋಗಿ ತೂಕ, ಲೇಬಲ್ಲು ನೋಡುವುದೇ ಅವರ ದಿನದ ವೃತ್ತಿಯಾದ್ದರಿಂದ ಇನ್ನೊಂದು ಲೇಬಲ್ಲು ಅವರಿಗೆ ಭಾರವಾಗುವುದಿಲ್ಲ.

ನಮ್ಮಲ್ಲೂ ಅಂಥದೊಂದು ಇಲಾಖೆ ಇದೆ. ಕಾನೂನು ಮಾಪನಶಾಸ್ತ್ರ ಇಲಾಖೆ ಎಂದು ಹೆಸರು. ತಕ್ಕಡಿಗೆ ಮುದ್ರೆ ಹಾಕುವವರು, ಪೆಟ್ರೋಲ್ ಬಂಕಿನ ಪಂಪು ಅಳೆಯುವವರು ಎಂದರೆ ಎಲ್ಲರಿಗೂ ಗೊತ್ತು. ಪೊಟ್ಟಣದ ಸರಕಿಗೆ ಸಂಬಂಧಿಸಿದ 2011ರ ನಿಯಮಗಳ ಪ್ರಕಾರ ಪ್ಯಾಕಿನ ಮೇಲೆ ತಯಾರಕರ ವಿಳಾಸ, ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಇದೆಯೇ, ಅಕ್ಷರ ಓದುವಷ್ಟು ದೊಡ್ಡದಿದೆಯೇ ಎಂದು ನೋಡುವುದು ಇವರ ಎಂದಿನ ಕೆಲಸ. ಜಪ್ತಿ, ಮಹಜರು, ನ್ಯಾಯಾಲಯ ಯಾವುದೂ ಹೊಸದಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೆ ಅಕ್ಷರದ ಎತ್ತರ ಅಳೆಯುವ ಅಧಿಕಾರಿಗೆ ಪಕ್ಕದ ಸಿಗರೇಟು ಪ್ಯಾಕಿನ ಚಿತ್ರ ಅಳೆಯಲು ಎಷ್ಟು ಹೊತ್ತು ಬೇಕು? ಚಿತ್ರವಿಲ್ಲದ ವಿದೇಶಿ ಪ್ಯಾಕಿನ ಮೇಲೆ ರೂಪಾಯಿ ಲೆಕ್ಕದ ಬೆಲೆಯಾಗಲಿ ಆಮದುದಾರನ ವಿಳಾಸವಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಒಂದೇ ಪ್ಯಾಕು, ಎರಡು ಕಾನೂನಿನ ತಪ್ಪು. ಒಬ್ಬನೇ ಅಧಿಕಾರಿ ಎರಡನ್ನೂ ಒಂದೇ ಮಹಜರಿನಲ್ಲಿ ಬರೆಯಬಹುದು. ಪ್ಯಾಕೆಟ್ಟಿನ ಹೊಣೆ ಹೊರಿಸಲು ತಕ್ಕ ಹೆಗಲು ನನ್ನ ಪ್ರಕಾರ ಇದೇ. ಆರೋಗ್ಯ ಇಲಾಖೆ ಚಿತ್ರ ಯಾವುದೆಂದು ಹೇಳಿಕೊಡಲಿ, ಪೊಲೀಸರು ಕಾವಲಿಗೆ ಬರಲಿ.

ಬೀಡಿಯ ವಿಚಾರದಲ್ಲಿ ನನ್ನ ಉತ್ಸಾಹ ಸ್ವಲ್ಪ ತಗ್ಗುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಮನೆಗಳ ಜಗಲಿಯಲ್ಲಿ ಹೆಂಗಸರು ಮೊರದಲ್ಲಿ ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ ಕಟ್ಟಿದ ಬೀಡಿಯಿಂದ ಮಕ್ಕಳ ಫೀಸು ಕಟ್ಟಿದ್ದಾರೆ. ಚಿತ್ರ ದೊಡ್ಡದು ಮಾಡಿದಾಗಲೆಲ್ಲ ಕಂಪನಿಗಳು ಮುಂದಿಟ್ಟದ್ದು ಇವರ ಹೊಟ್ಟೆಪಾಡನ್ನು. ಆದರೆ ಲೇಬಲ್ಲು ಅಂಟಿಸುವುದು ಆ ಜಗಲಿಯಲ್ಲಲ್ಲ. ಬೀಡಿ ಬ್ರಾಂಚಿನಿಂದ ಕಂಪನಿಯ ಗೋದಾಮಿಗೆ ಹೋದ ಮೇಲೆ. ಅಧಿಕಾರಿ ಎಲ್ಲಿಗೆ ಹೋಗಬೇಕು ಎಂದು ಆದೇಶದಲ್ಲಿ ಸರಿಯಾಗಿ ಬರೆದರೆ ಜಗಲಿಯ ತಂಟೆಗೆ ಯಾರೂ ಹೋಗಬೇಕಾಗಿಲ್ಲ.

ಇಷ್ಟು ತಲೆ ಕೆಡಿಸಿಕೊಳ್ಳುವಷ್ಟು ಬೆಲೆ ಆ ಚಿತ್ರಕ್ಕಿದೆಯೇ? 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ಭಾರತದಲ್ಲಿ ಶೇ 28.6ರಷ್ಟು, ಕರ್ನಾಟಕದಲ್ಲಿ ಶೇ 22.8ರಷ್ಟು ವಯಸ್ಕರು ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ ಎಂದಿತು. ಅದೇ ಸಮೀಕ್ಷೆಯಲ್ಲಿ ಎಚ್ಚರಿಕೆ ನೋಡಿ ಬಿಡಬೇಕೆಂದು ಯೋಚಿಸಿದ್ದಾಗಿ ಹೇಳಿದವರು ದೇಶದಲ್ಲಿ ಸಿಗರೇಟು ಸೇದುವವರಲ್ಲಿ ಶೇ 62, ಬೀಡಿ ಸೇದುವವರಲ್ಲಿ ಶೇ 54, ಜಗಿಯುವವರಲ್ಲಿ ಶೇ 46. ಯೋಚಿಸಿದವರೆಲ್ಲ ಬಿಟ್ಟರೆಂದು ಯಾರೂ ಹೇಳುವುದಿಲ್ಲ. ಆದರೆ ಈ ಮೂರು ಅಂಕಿಗಳ ಇಳಿಜಾರು ನೋಡಿ. ಎಲ್ಲಿ ಪ್ಯಾಕು ಗಟ್ಟಿಯಾಗಿ, ಚಪ್ಪಟೆಯಾಗಿ, ಚಿತ್ರ ಸ್ಪಷ್ಟವಾಗಿದೆಯೋ ಅಲ್ಲಿ ಹೆಚ್ಚು. ಮಡಿಕೆ ಬಿದ್ದ ಬೀಡಿ ಕಟ್ಟು, ಅಂಗೈ ಅಗಲವೂ ಇಲ್ಲದ ಪೊಟ್ಟಣಕ್ಕೆ ಬಂದಾಗ ಕಡಿಮೆ. ಓದು, ಆದಾಯ, ಹಳ್ಳಿ ಪೇಟೆ ಎಂಬ ಬೇರೆ ಕಾರಣಗಳೂ ಇದರಲ್ಲಿ ಬೆರೆತಿವೆ, ಒಪ್ಪುತ್ತೇನೆ. ಆದರೂ ಕರ್ನಾಟಕದಲ್ಲಿ ಸೇದುವವರು ಶೇ 8.8, ಹೊಗೆರಹಿತ ತಂಬಾಕು ಬಳಸುವವರು ಶೇ 16.3 ಎಂದ ಮೇಲೆ ಅಧಿಕಾರಿ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಸಿಗರೇಟು ಪ್ಯಾಕಲ್ಲ, ಮಾಲೆಯಾಗಿ ತೂಗುವ ಆ ಸಣ್ಣ ಪೊಟ್ಟಣಗಳನ್ನು. ಎಚ್ಚರಿಕೆ ಕನಿಷ್ಠ 3.5 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರ ಇರಬೇಕೆಂಬ ನಿಯಮ ಇರುವುದು ಇಂಥ ಪೊಟ್ಟಣಗಳು ತಪ್ಪಿಸಿಕೊಳ್ಳದಿರಲೆಂದು.

ಆದೇಶ ಬರೆಯುವವರಿಗೆ ನನ್ನ ಸಲಹೆ ಕೆಲವು ಇವೆ. ಅಧಿಕಾರಿಯನ್ನು ಹೆಸರಿನಿಂದಲ್ಲ, ಹುದ್ದೆಯಿಂದ ನೇಮಿಸಿ. ವರ್ಗಾವಣೆಯಾದ ಮರುದಿನ ಅಧಿಕಾರ ಅನಾಥವಾಗಬಾರದು. ಶೋಧದ 12, ಜಪ್ತಿಯ 13ನೇ ಸೆಕ್ಷನ್ ಎರಡನ್ನೂ ಹೆಸರಿಸಿ ಬರೆಯಿರಿ. ‘ಕೋಟ್ಪಾ ಕಾಯ್ದೆಯಡಿ ಸಕ್ಷಮ ಪ್ರಾಧಿಕಾರಿ’ ಎಂಬ ಮೋಡದಂಥ ಮಾತು ವಕೀಲರ ಮೊದಲ ಪಾಟೀಸವಾಲಿಗೆ ಕರಗುತ್ತದೆ. ಜಪ್ತಿಯ ಸರಕು ಇಡಲು ಒಂದು ಜಾಗ ಗೊತ್ತು ಮಾಡಿ. ಚಿತ್ರ ಬದಲಾದಾಗಲೆಲ್ಲ ಹೊಸ ಮಾದರಿಯ ಬಣ್ಣದ ಪ್ರತಿ ಅಧಿಕಾರಿಯ ಕೈಗೆ ಸೇರಲಿ, ಕಪ್ಪು ಬಿಳುಪಿನ ಜೆರಾಕ್ಸ್ ಅಲ್ಲ. ಮಾಸಿಕ ವರದಿಯಲ್ಲಿ 7ನೇ ಸೆಕ್ಷನ್ನಿಗೆ ಪ್ರತ್ಯೇಕ ಕಾಲಂ ಇರಲಿ, ಅದರಲ್ಲಿ ಗೂಡಂಗಡಿ, ಸಗಟು ಅಂಗಡಿ, ಗೋದಾಮು ಎಂದು ಮೂರು ಖಾನೆ. ಜಿಲ್ಲಾಧಿಕಾರಿಗಳ ಸಮನ್ವಯ ಸಮಿತಿಯಲ್ಲಿ ಮೂರನೆಯ ಖಾನೆ ಯಾಕೆ ಖಾಲಿ ಎಂದು ಒಂದು ಸಲ ಕೇಳಿದರೆ ಮುಂದಿನ ತಿಂಗಳು ಅದು ಖಾಲಿ ಇರುವುದಿಲ್ಲ.

ವಯಸ್ಸು ಏರಿಸಲು, ದಂಡ ಏರಿಸಲು ವಿಧಾನಮಂಡಲ, ರಾಜಭವನ, ರಾಷ್ಟ್ರಪತಿ ಭವನದವರೆಗೆ ಕಡತ ಓಡಾಡಿ ವರ್ಷ ಕಳೆಯಿತು. ಇದಕ್ಕೆ ಅಷ್ಟೆಲ್ಲ ಬೇಡ. ಅಧಿಕಾರಿಗಳನ್ನು ನೇಮಿಸುವ ಹಕ್ಕನ್ನು ಕಾಯ್ದೆ 2003ರಲ್ಲೇ ರಾಜ್ಯ ಸರ್ಕಾರದ ಕೈಗೆ ಕೊಟ್ಟಿದೆ. ಬೇಕಾಗಿರುವುದು ರಾಜ್ಯಪತ್ರದ ಒಂದು ಪುಟ ಮತ್ತು ಕಾರ್ಯದರ್ಶಿಯೊಬ್ಬರ ಸಹಿ.